ಬಾಯಿ ಉರಿಗೆ ಊರೆಲ್ಲ ವೈದ್ಯರು

ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಇಂದಿರಾಪುರಂನ ಫ್ಲ್ಯಾಟಿಗೆ ಹೊರಟ ದಿನ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಹಳೆಯ ಇಡ್ಲಿ ಪಾತ್ರೆಯ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ತಳದಲ್ಲಿ ಒಂದಿಷ್ಟು ಮೆಣಸಿನ ಪುಡಿ. ಅದರ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಇನ್ನೇನು ಸತ್ವ ಉಳಿದಿದ್ದೀತು ಎಂದುಕೊಂಡು ಮುಚ್ಚಳ ತೆಗೆದು ಮೂಸಿದೆ. ಉಳಿದಿತ್ತು. ಸೀನಿ ಸೀನಿ ಕಣ್ಣು ಮೂಗು ಎಲ್ಲ ಒಂದಾಯಿತು. ಸಾಮಾನು ಹೊರಲು ಬಂದಿದ್ದ ಇಬ್ಬರು ಭಯ್ಯಾಗಳೂ ಸೀನತೊಡಗಿದರು. ಸೀನುತ್ತಲೇ ಒಬ್ಬ, "ಮೇಡಂ, ಠಂಡಾ ಪಾನಿ ಪೀಜಿಯೇ" ಎಂದ. ಇನ್ನೊಬ್ಬನಿಗೆ ಸಿಟ್ಟು ಬಂತು. "ಪಾನಿ ಸೇ ಕ್ಯಾ ಹೋಗಾ? ಗುಡ್ ಖಾಯಿಯೇ ಮೇಡಂ, ಗುಡ್!" ನಮ್ಮ ಬೀರುವನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಇಬ್ಬರೂ ನೀರು ಮೇಲೋ ಬೆಲ್ಲ ಮೇಲೋ ಎಂದು ವಾದಕ್ಕೆ ನಿಂತರು. ಕೆಳಗೆ ಟೆಂಪೋದವನು ಹಾರ್ನ್ ಮಾಡುತ್ತಲೇ ಇದ್ದ.

ನೋಡಿ, ಈ ದೇಶದಲ್ಲಿ ರಾಜಕೀಯದ ಬಗ್ಗೆ ಅಭಿಪ್ರಾಯ ಇಲ್ಲದವರು ಸಿಗಬಹುದು. ಕಷ್ಟಪಟ್ಟು ಹುಡುಕಿದರೆ ಕ್ರಿಕೆಟ್ಟಿನ ಬಗ್ಗೆ ಇಲ್ಲದವರೂ ಸಿಕ್ಕಾರು. ಖಾರ ತಿಂದು ಬಾಯಿ ಉರಿದರೆ ಏನು ಮಾಡಬೇಕು ಎಂಬುದರ ಬಗ್ಗೆ ಅಭಿಪ್ರಾಯ ಇಲ್ಲದ ಒಂದು ನರಪಿಳ್ಳೆಯನ್ನೂ ನಾನು ಕಂಡಿಲ್ಲ. ಸಕ್ಕರೆ ಎನ್ನುವವರು, ತುಪ್ಪ ಎನ್ನುವವರು, ಬಾಳೆಹಣ್ಣು ಎನ್ನುವವರು, ಬಿಸಿನೀರನ್ನೇ ಕುಡಿ, ಉರಿಯನ್ನು ಉರಿಯೇ ಕೊಲ್ಲುತ್ತದೆ ಎನ್ನುವ ಮಹಾನುಭಾವರು. ಹೇಳಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ನಾಲಗೆ ಹೊರಗೆ ಚಾಚಿ ಕುಣಿಯುತ್ತಿರುವ ಮನುಷ್ಯನಿಗೆ ಏನಾದರೊಂದನ್ನು ಕೈಗೆ ಕೊಟ್ಟು ಆಮೇಲೆ ಹೇಳಬಾರದೇ? ಹಾಗೆ ಯಾರೂ ಮಾಡುವುದಿಲ್ಲ. ಅವನನ್ನು ಕುಣಿಯಲು ಬಿಟ್ಟು ತಮ್ಮತಮ್ಮಲ್ಲೇ ಚರ್ಚೆ ಮಾಡುತ್ತಾರೆ.

ನಮ್ಮ ಅಜ್ಜಿ ಒಬ್ಬಳು ಮಾತ್ರ ಹಾಗಿರಲಿಲ್ಲ. ನಾನು ಉಡುಪಿ ಕಡೆಯವಳು. ಸಾರಿಗೆ, ಹುಳಿಗೆ, ಪಲ್ಯಕ್ಕೆ ಎಲ್ಲದಕ್ಕೂ ಒಂದು ಚೂರು ಬೆಲ್ಲ ಬೀಳದಿದ್ದರೆ ಅಡುಗೆಯೇ ಆಗಲಿಲ್ಲ ಎನ್ನುವ ಜನ ನಾವು. ಹಿತ್ತಲಲ್ಲಿ ಮಾತ್ರ ಗಾಂಧಾರಿ ಮೆಣಸಿನ ಗಿಡವಿತ್ತು. ಅದರ ಕಾಯಿ ಮಕ್ಕಳ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಅಷ್ಟೇ. ದೊಡ್ಡಪ್ಪನ ಮಗಳು ಒಂದು ದಿನ, "ನಿಂಗೆ ಧೈರ್ಯ ಇದ್ರೆ ಇದನ್ನ ಜಗಿ ನೋಡುವಾ" ಎಂದಳು. ನನಗೆ ಧೈರ್ಯವಿರಲಿಲ್ಲ, ಆದರೆ ಅದಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಜಗಿದೆ. ಆಮೇಲೆ ಬಾವಿಕಟ್ಟೆಯ ಸುತ್ತ ನಾನು ಓಡಿದ್ದನ್ನು ನೋಡಿ ಕೆಲಸದವರು ಹಾವು ಕಚ್ಚಿತೆಂದು ತಿಳಿದು ಕೋಲು ತಂದರಂತೆ. ಅಜ್ಜಿ ಬಂದಳು, ರಟ್ಟೆ ಹಿಡಿದು ಕೂರಿಸಿದಳು, ಒಂದು ತುಂಡು ಬೆಲ್ಲವನ್ನು ನಾಲಗೆಯ ಮೇಲಿಟ್ಟಳು. "ಬಾಯಿ ಮುಚ್ಚಿಕೊಂಡು ಕೂತ್ಕೋ. ಅದು ಬಂದ ದಾರೀಲೇ ಹೋಗ್ತದೆ." ಅಷ್ಟು ಹೇಳಿ, ಉರಿ ಇಳಿಯುವವರೆಗೂ ಪಕ್ಕದಲ್ಲೇ ಕೂತು ಹುರುಳಿ ಆರಿಸುತ್ತಿದ್ದಳು. ನನಗೆ ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ.

ಹೀಗೆ ಬೆಲ್ಲದಲ್ಲಿ ಬೆಳೆದವಳನ್ನು ತಂದು ಹಾವೇರಿ ಕಡೆಯವರಿಗೆ ಕೊಟ್ಟರು. ಗಂಡನ ಮನೆಯ ಮೊದಲ ಊಟದಲ್ಲಿ ತಟ್ಟೆಯ ತುಂಬ ಕೆಂಪೋ ಕೆಂಪು ನೋಡಿ ನನ್ನ ಜೀವ ಬಾಯಿಗೆ ಬಂತು. ಇಷ್ಟದೇವರನ್ನು ನೆನೆದು ಒಂದು ತುತ್ತು ಬಾಯಿಗಿಟ್ಟೆ. ಖಾರವೇ ಇಲ್ಲ! ಅದು ಬ್ಯಾಡಗಿ ಮೆಣಸಿನಕಾಯಿಯ ಗುಟ್ಟು. ಬಣ್ಣ ನೋಡಿದರೆ ಬೆಂಕಿ, ತಿಂದರೆ ಸಾಧು. ಅದಕ್ಕೇ ಆ ಮನೆಯಲ್ಲಿ ಪಲ್ಯಕ್ಕೆ ಖಾರದಪುಡಿ ಹಾಕುವ ಚಮಚ ನಮ್ಮ ಊರಿನ ಸಾರಿನ ಸೌಟಿನ ತಮ್ಮನ ಹಾಗಿತ್ತು. "ನಮ್ಮ ಮಂದಿ ಖಾರ ತಿನ್ನೂದರಾಗ ಎತ್ತಿದ ಕೈ" ಎಂದು ನಮ್ಮನೆಯವರು ದಿಲ್ಲಿಯ ಆಫೀಸಿನಲ್ಲೆಲ್ಲ ಮೀಸೆ ತಿರುವುತ್ತಿದ್ದರು. ಅವರು ಹುಟ್ಟಿದಾಗಿನಿಂದ ತಿಂದದ್ದು ಬಣ್ಣವನ್ನೇ ಹೊರತು ಖಾರವನ್ನಲ್ಲ ಎಂಬುದು ನನಗೆ ಮಾತ್ರ ಗೊತ್ತಿತ್ತು. ಮರ್ಯಾದೆಗೆ ಸುಮ್ಮನಿದ್ದೆ.

ದಿಲ್ಲಿಯಲ್ಲಿ ನಮ್ಮಿಬ್ಬರದೂ ಕೇಂದ್ರ ಸರ್ಕಾರದ ನೌಕರಿ. ಊರಿನಿಂದ ಯಾರೇ ರೈಲು ಹತ್ತಿದರೂ ಅತ್ತೆಯವರು ಅವರ ಕೈಯಲ್ಲಿ ಬ್ಯಾಡಗಿ ಪುಡಿಯ ಗಂಟು ಕೊಟ್ಟು ಕಳಿಸುತ್ತಿದ್ದರು. ಅದು ಯಾರದೋ ಸೂಟ್‌ಕೇಸಿನಲ್ಲಿ ಬಿಚ್ಚಿಕೊಂಡು, ಅವರ ಬಿಳಿ ಅಂಗಿಗಳೆಲ್ಲ ಗುಲಾಬಿಯಾಗಿ, ನಾವು ಕ್ಷಮೆ ಕೇಳುವುದು ಮಾಮೂಲಾಗಿತ್ತು. ಒಂದು ವರ್ಷ ಮಾತ್ರ ಬೇಸಿಗೆಯಲ್ಲಿ ಯಾರೂ ಬರಲಿಲ್ಲ, ಪುಡಿ ಮುಗಿಯಿತು. ಮುಗಿದದ್ದೂ ಸರಿಯಾಗಿ ಗಿರಿಜಾಳ ಇಂಟರ್‌ವ್ಯೂನ ಹೊತ್ತಿಗೆ.

ಗಿರಿಜಾ ನಮ್ಮನೆಯವರ ಅಕ್ಕನ ಮಗಳು. ಐ.ಎ.ಎಸ್. ಪರೀಕ್ಷೆಗೆಂದು ಬಂದು ಓಲ್ಡ್ ರಾಜಿಂದರ್ ನಗರದಲ್ಲಿ ಒಂದು ಕೋಣೆ ಹಿಡಿದಿದ್ದಳು. ಕೋಣೆ ಎಂದರೆ ಮಂಚ, ಮೇಜು ಮತ್ತು ಅವುಗಳ ನಡುವೆ ಅಡ್ಡಡ್ಡ ನಡೆಯುವಷ್ಟು ಜಾಗ. ಹಿಂದಿನ ಬಾರಿ ಇಂಟರ್‌ವ್ಯೂ ತನಕ ಹೋಗಿ ಕೈತಪ್ಪಿತ್ತು. ಈ ಬಾರಿಯೂ ಅಲ್ಲಿಯವರೆಗೆ ಬಂದಿದ್ದಳು. ಅವಳಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು, ಇದೇ ಕೊನೆ, ಆಗದಿದ್ದರೆ ಊರಿಗೆ ಬಾ ಎಂದು. ಆ ಹುಡುಗಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಸಿನಿಮಾ ಇಲ್ಲ, ಸೀರೆ ಇಲ್ಲ, ನಮ್ಮನೆಗೆ ಬಂದರೂ ಪೇಪರು ಹಿಡಿದೇ ಊಟಕ್ಕೆ ಕೂರುತ್ತಿದ್ದಳು.

ಸೋಮವಾರ ಇಂಟರ್‌ವ್ಯೂ. ಭಾನುವಾರ ಬೆಳಗ್ಗೆ ನಮ್ಮನೆಯವರು ಲುಂಗಿ ಎತ್ತಿ ಕಟ್ಟಿ ಅಡುಗೆಮನೆ ಹೊಕ್ಕರು.

"ನೀ ಹೊರಗಿರು. ಕೂಸಿಗೆ ಇವತ್ತ ನಾ ಎಣ್ಣೆಗಾಯಿ ಮಾಡಿ ಹಾಕ್ತೀನಿ. ಅವ್ವನ ಕೈರುಚಿ ನಾಲಗಿ ಮ್ಯಾಲಿದ್ರ ಮಾತು ತಾನs ಬರ್ತದ."

"ಪುಡಿ ಎಲ್ಲಿದೆ? ಮುಗಿದಿದೆಯಲ್ಲ?" ಎಂದೆ.

"ನಿನ್ನೆ ಕರೋಲ್ ಬಾಗ್‌ನಿಂದ ತಂದೀನಿ. ಅಂಗಡ್ಯಾಗ ನಾಕೈದು ನಮೂನಿ ಇದ್ದವು. ಎಲ್ಲಾಕಿಂತ ಕೆಂಪಂದು ನೋಡಿ ಆರಿಸೀನಿ."

ಕೆಂಪು ನೋಡಿ ಆರಿಸಿದ್ದಾರೆ! ಬ್ಯಾಡಗಿಯ ಸೀಮೆಯಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಇದು. ಅವರ ಲೆಕ್ಕದಲ್ಲಿ ಕೆಂಪು ಹೆಚ್ಚಿದಷ್ಟೂ ಮೆಣಸಿನಕಾಯಿ ಒಳ್ಳೆಯದು, ಒಳ್ಳೆಯದಾದಷ್ಟೂ ಸಾಧು. ಆ ಡಬ್ಬಿಗೆ ಅತ್ತೆಯವರು ಕೊಟ್ಟ ಅದೇ ಚಮಚ ಇಳಿಸಿ, ತುಂಬಿ ತುಳುಕುವಂತೆ ಎರಡು ಸಲ ಬದನೆಕಾಯಿಯ ಮಸಾಲೆಗೆ ಸುರಿದಿದ್ದಾರೆ. ರುಚಿ ನೋಡಿದಿರಾ ಎಂದು ಕೇಳಿದರೆ, "ನೈವೇದ್ಯಕ್ಕ ಮೊದಲ ಯಾರರೇ ರುಚಿ ನೋಡ್ತಾರೇನ?" ಎಂದರು. ಅಂದು ಯಾವ ನೈವೇದ್ಯವೂ ಇರಲಿಲ್ಲ. ಸಾಲದ್ದಕ್ಕೆ, ಒಲೆಯ ಮುಂದೆ ಬೆಂದುಹೋದೆ ಎಂದು ಮನೆಯಲ್ಲಿದ್ದ ಮೊಸರನ್ನೆಲ್ಲ ಮಜ್ಜಿಗೆ ಮಾಡಿ ತಾವೊಬ್ಬರೇ ಕುಡಿದು ಮುಗಿಸಿದ್ದರು.

ಗಿರಿಜಾ ಹಸಿದು ಬಂದಿದ್ದಳು. ಚಪಾತಿಯಲ್ಲಿ ದೊಡ್ಡದೊಂದು ತುಂಡು ಬದನೆಕಾಯಿ ಸುತ್ತಿ ಬಾಯಿಗಿಟ್ಟಳು. ಮಾಮನ ಮೇಲಿನ ಪ್ರೀತಿಗೆ ಎರಡನೆಯದನ್ನೂ ಇಟ್ಟಳು. ಆಮೇಲೆ ಅವಳ ಮುಖ ನೋಡಬೇಕಿತ್ತು. ಮೊದಲು ಕಿವಿ ಕೆಂಪಾದವು, ಆಮೇಲೆ ಮೂಗು, ಆಮೇಲೆ ಕಣ್ಣಿಂದ ಧಾರಾಕಾರ. ಅಷ್ಟರಲ್ಲಿ ನಮ್ಮ ಮಗಳು ಅನು ತಟ್ಟೆ ಬಿಟ್ಟು ಎದ್ದು, "ಅಮ್ಮಾ, ಮೇರಿ ಜೀಭ್ ಜಲ್ ಗಯೀ! ಪಪ್ಪಾ ಕ್ಯಾ ಹಾಕಿದ್ದಾರೆ ಇದ್ರಲ್ಲಿ?" ಎಂದು ಕಿರುಚಿದಳು. ನಾನು ಬೆರಳ ತುದಿಯಲ್ಲಿ ನೆಕ್ಕಿ ನೋಡಿದೆ. ಬಾವಿಕಟ್ಟೆ ನೆನಪಾಯಿತು.

"ಖಾರ ಎಲ್ಲದ ಇದರಾಗ?" ಎಂದರು ನಮ್ಮನೆಯವರು. ಹಾಗೆನ್ನುವಾಗ ಅವರ ತಲೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. "ದಿಲ್ಲಿಗೆ ಬಂದು ನೀವೆಲ್ಲಾ ನಾಜೂಕ ಆಗೀರಿ." ಮೂರನೆಯ ತುತ್ತಿಗೆ ಖಾರ ನೆತ್ತಿಗೇರಿ ಕೆಮ್ಮತೊಡಗಿದ ಮೇಲೆ ಮಾತು ನಿಂತಿತು.

ಮೊಸರಿಲ್ಲ. ಕರೆಂಟು ಹೋಗಿ ಫ್ರಿಜ್ಜಿನ ಐಸು ನೀರಾಗಿದೆ. ಹಾಲಿನ ಬೂತ್ ಸಂಜೆಗೆ ತೆರೆಯಬೇಕು. ಮನೆಯಲ್ಲಿದ್ದ ಬೆಲ್ಲಕ್ಕೆ ಕೈ ಹಾಕಬೇಕು ಎನ್ನುವಷ್ಟರಲ್ಲಿ ಅನುವಿನ ಕೂಗಿಗೆ ಕೆಳಗಿನ ಮನೆಯ ಪಂಜಾಬಿ ಆಂಟಿ ಓಡಿ ಬಂದರು. "ಹಾಯ್ ರಬ್ಬಾ! ಬಚ್ಚಿ ಕೋ ಕ್ಯಾ ಖಿಲಾ ದಿಯಾ?" ಗಿರಿಜಾ ನೀರಿನ ಲೋಟ ಎತ್ತಿದ್ದಳು, ಅದನ್ನು ಕಿತ್ತುಕೊಂಡರು. "ಪಾನಿ ಬಿಲ್‌ಕುಲ್ ನಹೀಂ! ಚೀನಿ ಚೂಸೋ!" ಅವರ ಹಿಂದೆಯೇ ಮೇಲಿನ ಮನೆಯ ಘೋಷ್ ಬಾಬು ಹೋಮಿಯೋಪಥಿಯ ಪೆಟ್ಟಿಗೆ ಹಿಡಿದು ಇಳಿದು ಬಂದರು. ಸಕ್ಕರೆ ಕೊಟ್ಟರೆ ತಮ್ಮ ಗುಳಿಗೆ ಕೆಲಸ ಮಾಡುವುದಿಲ್ಲವಂತೆ. ಆಂಟಿ, ನಿಮ್ಮ ಗುಳಿಗೆಯೂ ಸಕ್ಕರೆಯದ್ದೇ ಅಲ್ಲವೇ ಎಂದರು. ಘೋಷ್ ಬಾಬುವಿಗೆ ಅವಮಾನವಾಯಿತು. ಅಲ್ಲಿಂದ ಮಾತು ಅಲೋಪಥಿಗೆ ಹೋಗಿ, ಸರ್ಕಾರಿ ಡಿಸ್ಪೆನ್ಸರಿಗೆ ಹೋಗಿ, ಯಾರದೋ ಪಿತ್ತಕೋಶದ ಆಪರೇಷನ್ನಿಗೆ ಹೋಯಿತು. ಇತ್ತ ಗಿರಿಜಾ ಒಂದು ಕೈಯಲ್ಲಿ ಸಕ್ಕರೆ, ಇನ್ನೊಂದರಲ್ಲಿ ಗುಳಿಗೆ ಹಿಡಿದು, ಯಾವುದನ್ನೂ ಬಾಯಿಗೆ ಹಾಕಲು ಅಪ್ಪಣೆ ಸಿಗದೆ, ಹಾ ಹಾ ಎಂದು ನಿಂತಿದ್ದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನಮ್ಮನೆಯವರು ಇಷ್ಟು ಹೊತ್ತಿಗೆ ಊರಿಗೆ ಫೋನ್ ಹಚ್ಚಿದ್ದರು. ಅತ್ತೆಯವರ ದನಿ ಇಡೀ ಮನೆಗೆ ಕೇಳುತ್ತಿತ್ತು.

"ಯಾವ ಪುಡಿ ಹಾಕಿದ್ಯೋ?"

"ಇಲ್ಲೀದು ಅವ್ವಾ. ಭಾಳ ಕೆಂಪಿತ್ತು."

"ಎಷ್ಟ ಹಾಕಿದಿ?"

"ನಿನ್ನ ಚಮಚಾದಾಗ ಎರಡು."

ಆ ಕಡೆ ಪಾತ್ರೆಯೊಂದನ್ನು ಕುಕ್ಕಿದ ಸದ್ದು. ಆಮೇಲೆ, "ಅಯ್ಯ ನನ್ನ ಹಣೆಬಾರಾ! ಊರಾಗಿನ ಶ್ಯಾಣ್ಯಾ ದಿಲ್ಲ್ಯಾಗ ಹುಚ್ಚ ಆದ! ಹುಡುಗೀ ತುಟಿಗೆ ಬೆಣ್ಣಿ ಹಚ್ರೋ ಮದ್ಲ!" ಬೆಣ್ಣೆಯೂ ಮನೆಯಲ್ಲಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆಯನ್ನು ನಮ್ಮ ಮನೆ ನೋಡಿಯೇ ಮಾಡಿರಬೇಕು. ಕೊನೆಗೆ ನಾನು ಎಲ್ಲರ ನಡುವೆ ನುಗ್ಗಿ ಹುಡುಗಿಯ ರಟ್ಟೆ ಹಿಡಿದು ಒಳಕೋಣೆಗೆ ಎಳೆದೊಯ್ದು, ಬಾಗಿಲು ಹಾಕಿ, ಅವಳಿಗೊಂದು ಅನುವಿಗೊಂದು ತುಂಡು ಬೆಲ್ಲ ಬಾಯಿಗಿಟ್ಟೆ. ಹೊರಗೆ ಘೋಷ್ ಬಾಬು ಬಾಗಿಲು ತಟ್ಟುತ್ತಲೇ ಇದ್ದರು.

ಮರುದಿನ ಗಿರಿಜಾ ಊದಿದ ತುಟಿ, ಒಡೆದ ದನಿಯಲ್ಲಿ ಇಂಟರ್‌ವ್ಯೂಗೆ ಹೋದಳು. ನಮ್ಮನೆಯವರು ಆಫೀಸಿಗೆ ರಜೆ ಹಾಕಿ, ಆ ಕಟ್ಟಡದ ಎದುರಿನ ಬೇವಿನ ಮರದಡಿ, ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದರು. ಸಂಜೆ ಇಬ್ಬರೂ ಮನೆಗೆ ಬಂದಾಗ ಹುಡುಗಿ ನಗುತ್ತಿದ್ದಳು.

"ಅತ್ತೀ, ನಂಗ ಮಾತಾಡ್ಲಿಕ್ಕೇ ಬಿಡಲಿಲ್ಲ ನೋಡ್ರಿ. ಅಧ್ಯಕ್ಷರು ನನ್ನ ತುಟಿ ನೋಡಿ ಆರಾಮ ಇಲ್ಲೇನು ಅಂತ ಕೇಳಿದ್ರು. ಇದ್ದದ್ದು ಹೇಳಿದೆ. ಅದಕ್ಕ ಒಬ್ಬರು, ಹಾಲು ಕುಡೀಬೇಕಿತ್ತು ಅಂದ್ರು. ಇನ್ನೊಬ್ಬರು, ಛೆ, ಮೊಸರು ಅಂದ್ರು. ಅಲ್ಲಿದ್ದ ಮೇಡಂ ಒಬ್ಬರು ಸೌತೀಕಾಯಿ ಅಂದ್ರು. ಅರ್ಧ ಹೊತ್ತು ನಕ್ಕೋತ ಅವರ ಅವರೇ ವಾದಾ ಮಾಡಿದ್ರು!"

ಬೋರ್ಡಿನವರೂ ಅದೇ ಜಾತಿ! ನಾನು ಹಣೆ ಹಣೆ ಬಡಿದುಕೊಂಡೆ. ಆದರೂ ಮನಸ್ಸಿಗೆ ಹಾಯೆನಿಸಿತು. ಇಷ್ಟು ನಕ್ಕವರು ಕೈಬಿಡುತ್ತಾರೆಯೇ? ನಮ್ಮನೆಯವರಂತೂ ಆಗಲೇ ಮೀಸೆಗೆ ಕೈ ಹಾಕಿದ್ದರು. "ನೋಡಿದ್ಯಾ? ನನ್ನ ಎಣ್ಣೆಗಾಯಿ ಬೋರ್ಡ್ ತನಕ ಹೋತು." ಮುಂದಿನ ವಾರವೆಲ್ಲ ಆಫೀಸಿನಲ್ಲಿ ಅದೇ ಕಥೆ ಹೇಳಿದರು. ಹೇಳಿದ ಪ್ರತಿ ಸಲವೂ ಬೋರ್ಡಿನವರು ಇನ್ನಷ್ಟು ಜೋರಾಗಿ ನಗುತ್ತಿದ್ದರು.

ಫಲಿತಾಂಶ ಬಂತು. ಅವಳ ಹೆಸರು ಇರಲಿಲ್ಲ.

ಆ ಸುದ್ದಿ ನಮ್ಮ ಬ್ಲಾಕಿನಲ್ಲಿ ಹರಡಲು ಒಂದು ಹಗಲೂ ಬೇಕಾಗಲಿಲ್ಲ. ಆಂಟಿ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, ಬ್ಯಾಂಕಿನ ಪರೀಕ್ಷೆಗೆ ಕೂರಿಸಿ ಎಂದರು. ಘೋಷ್ ಬಾಬು ಬಿ.ಎಡ್. ಮಾಡಿಸಿ ಎಂದರು, ಬಿ.ಎಡ್.ನ ಲಾಭಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅತ್ತೆಯವರು ಫೋನಿನಲ್ಲಿ ಹುಬ್ಬಳ್ಳಿಯ ಯಾವುದೋ ಹುಡುಗನ ಜಾತಕ ಬಂದಿದೆ ಎಂದರು. ನಾನೇನು ಕಡಿಮೆಯೇ? ಗಿರಿಜಾಳಿಗೆ ಫೋನ್ ಮಾಡಿ, "ರಾಜ್ಯದ ಪರೀಕ್ಷೆ ಒಂದು ಇದೆಯಲ್ಲ ಗಿರಿಜಾ, ಅದಕ್ಕೇನು ವಯಸ್ಸು ಮೀರಿಲ್ಲ" ಎಂದು ಶುರು ಮಾಡಿದೆ. ಆ ಕಡೆಯಿಂದ ಹೂಂ ಅತ್ತಿ, ಹೂಂ ಅತ್ತಿ ಎನ್ನುವುದು ಬಿಟ್ಟು ಏನೂ ಕೇಳಲಿಲ್ಲ. ಫೋನಿಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಮ್ಮನೆಯವರು ಮಾತ್ರ ಯಾವ ಸಲಹೆಯನ್ನೂ ಕೊಡಲಿಲ್ಲ. ಆಫೀಸಿಗೆ ಹೋದರು, ಬಂದರು, ಟಿ.ವಿ.ಯ ಮುಂದೆ ಕೂತರು. ಭಾನುವಾರ ಬಂದರೂ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ, "ದನಿ ಸರಿ ಇದ್ದಿದ್ರ ಆಗ್ತಿತ್ತೇನ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದು ನಾನು ಹೇಗೆ ಹೇಳಲಿ? ಹೌದು ಎಂದು ತಾನೇ ಹೇಗೆ ಹೇಳಲಿ? ಆ ಖಾರದಪುಡಿಯನ್ನು ಎಸೆದುಬಿಡು ಎಂದರು. ಎಸೆಯಲು ಕೈ ಬರಲಿಲ್ಲ. ಅವರಿಗೆ ಕಾಣದಂತೆ ಮೇಲಿನ ಕಪಾಟಿನಲ್ಲಿ ಇಡ್ಲಿ ಪಾತ್ರೆಯ ಹಿಂದಕ್ಕೆ ತಳ್ಳಿದೆ.

ಗಿರಿಜಾ ಕೋಣೆ ಖಾಲಿ ಮಾಡಿ ಊರಿಗೆ ಹೊರಡುವ ದಿನ ಪುಸ್ತಕದ ಟ್ರಂಕುಗಳ ಜೊತೆ ಬೆಳಗ್ಗೆಯೇ ನಮ್ಮನೆಗೆ ಬಂದಳು. ರೈಲು ಸಂಜೆಗಿತ್ತು. ಚಹಾ ಕುಡಿದು, ಅನುವಿನ ಜಡೆ ಹೆಣೆದು, ಆಮೇಲೆ ನೇರ ಮಾಮನ ಎದುರು ಹೋಗಿ ನಿಂತಳು.

"ಮಾಮಾ, ಇವತ್ತ ಎಣ್ಣೆಗಾಯಿ ಮಾಡ್ರಿ."

ಅವರು ತಲೆ ಎತ್ತಲಿಲ್ಲ. "ಬ್ಯಾಡ ಬಿಡವಾ. ನಿಮ್ಮ ಅತ್ತಿ ಏನರೇ ಮಾಡ್ತಾಳ."

"ಬೋರ್ಡಿನವರಿಗೆ ನಿಮ್ಮ ಎಣ್ಣೆಗಾಯಿ ಸೇರಿತ್ತು ಮಾಮಾ. ಸೇರಲಾರದ್ದು ನಾನು. ಏಳ್ರಿ."

ಅವರು ಎದ್ದರು. ಈ ಸಲ ಲುಂಗಿ ಎತ್ತಿ ಕಟ್ಟದೆಯೇ ಬದನೆಕಾಯಿ ಸೀಳಿದರು. ಅಷ್ಟರಲ್ಲಿ ಊರಿಂದ ಹೊಸ ಗಂಟು ಬಂದಿತ್ತು. "ಅವ್ವನ ಪುಡಿ ಅದ, ಅದನ್ನೇ ಹಾಕ್ತೀನಿ" ಎಂದರು.

"ಅದಲ್ಲ. ಅವತ್ತಿಂದು ಹಾಕ್ರಿ."

ಅವರು ನನ್ನ ಮುಖ ನೋಡಿದರು. ನಾನು ಸ್ಟೂಲ್ ಹಾಕಿಕೊಂಡು ಹತ್ತಿ, ಕಪಾಟಿನ ಹಿಂದಿನಿಂದ ಡಬ್ಬಿ ತೆಗೆದು ಕೊಟ್ಟೆ. ಅವರು ಅಂಜುತ್ತಂಜುತ್ತ ಒಂದು ಚಮಚ ಹಾಕಿದರು. ಎರಡನೆಯದನ್ನು ಗಿರಿಜಾ ತಾನೇ ಹಾಕಿದಳು.

ಈ ಸಲ ನಾನು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಮೊಸರಿತ್ತು, ಬೆಣ್ಣೆಯಿತ್ತು, ಬೆಲ್ಲ ಸಕ್ಕರೆ ಎರಡೂ ತಟ್ಟೆಯ ಪಕ್ಕದಲ್ಲೇ ಇದ್ದವು. ಅವಳು ತಿಂದಳು. ಒಂದು ಚಪಾತಿ, ಇನ್ನೊಂದು ಚಪಾತಿ. ಮುಖ ಕೆಂಪೇರಿತು, ಕಣ್ಣು ತುಂಬಿ ಹರಿಯತೊಡಗಿತು, ಮೂಗು ಸೋರಿತು. ಒರೆಸಿಕೊಳ್ಳಲಿಲ್ಲ. ಅಷ್ಟು ದಿನ ಹೂಂ ಅತ್ತಿ, ಹೂಂ ಅತ್ತಿ ಎಂದುಕೊಂಡೇ ಇದ್ದ ಹುಡುಗಿ ತಟ್ಟೆಯ ಮೇಲೆ ಬಾಗಿ, ದನಿ ತೆಗೆದು ಅಳತೊಡಗಿದಳು.

ಬೀಳ್ಕೊಡಲೆಂದು ಬಂದ ಆಂಟಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಲಸ್ಸಿಯ ಜಗ್ಗು. ಏನೋ ಹೇಳಲು ಬಾಯಿ ತೆರೆದರು, ನನ್ನ ಕಣ್ಣು ನೋಡಿ ಮುಚ್ಚಿದರು. ಜಗ್ಗನ್ನು ಸದ್ದಾಗದಂತೆ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮನೆಯವರು ಮೊಸರಿನ ಬಟ್ಟಲನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. ಅವಳು ತಲೆಯಾಡಿಸಿದಳು.

"ಇರ್ಲಿ ಬಿಡ್ರಿ ಮಾಮಾ. ಸ್ವಲ್ಪ ಹೊತ್ತು ಉರೀಲಿ."

ನಾನು ಬಟ್ಟಲನ್ನು ಈಚೆಗೆ ಎಳೆದುಕೊಂಡು, ಅವಳ ಪಕ್ಕದಲ್ಲೇ ಕೂತು, ಕೈಗೆ ಸಿಕ್ಕಿದ ಬೆಳ್ಳುಳ್ಳಿಯನ್ನು ಸುಲಿಯತೊಡಗಿದೆ.